ಮೂರನೆಯ ಕೊಠಡಿಯ ಅರ್ಧ ಗಂಟೆ

ಮೊನ್ನೆ ಹುಳಿಯಾರಿನಲ್ಲಿ ಬೀದಿನಾಯಿಯೊಂದು ಕಾಲು ಪರಚಿತು. ಇಂಜೆಕ್ಷನ್ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಹೋದೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ತೋಳಿಗೊತ್ತಿ, ಅಲ್ಲಿನ ನರ್ಸ್ ಹುಡುಗಿ, "ಸರ್, ಹೊರಗಡೆ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದು ಹೋಗಿ" ಎಂದಳು. ನನ್ನ ಹಿಂದೆಯೇ ಚುಚ್ಚಿಸಿಕೊಂಡು ಬಂದ ಕುರಿ ಕಾಯುವ ಗಂಡಸೊಬ್ಬ ಐದು ನಿಮಿಷವೂ ಕೂರಲಿಲ್ಲ, ಎದ್ದು ಟವೆಲ್ ಕೊಡವಿದ. ನಾನು ಅವನ ಕೈ ಹಿಡಿದು ಎಳೆದು ಕೂರಿಸಿದೆ. ಗುರುತು ಪರಿಚಯ ಇಲ್ಲದ ಮನುಷ್ಯ.

"ಯಾಕ್ ಸಾ? ನಂಗೇನಾಗೈತೆ?" ಎಂದ.

"ಏನೂ ಆಗಿಲ್ಲ. ಏನಾದ್ರೂ ಆದ್ರೆ ಇಲ್ಲೇ ಆಗ್ಲಿ, ದಾರೀಲಿ ಬೇಡ ಅಂತ ಕೂರೋದು."

ಅವನು ನನ್ನ ಮುಖವನ್ನೊಮ್ಮೆ ವಿಚಿತ್ರವಾಗಿ ನೋಡಿ ಸುಮ್ಮನೆ ಕೂತ. ಸ್ಪಿರಿಟ್ಟಿನ ವಾಸನೆ ಇನ್ನೂ ಮೂಗಿನಲ್ಲಿತ್ತು. ಅಷ್ಟು ಸಾಕಾಯಿತು. ಕೊರೋನಾ ಎರಡನೇ ಅಲೆಯ ಆ ಬೇಸಿಗೆ ಪೂರ್ತಿ ಕಣ್ಣ ಮುಂದೆ ಬಂದು ನಿಂತಿತು.

ಆಗ ನಾನು ನೊಣವಿನಕೆರೆ ರಸ್ತೆಯ ಒಂದು ಊರಿನಲ್ಲಿ ಪ್ರೌಢಶಾಲೆಯ ಗಣಿತದ ಮೇಷ್ಟ್ರು. ಯುಗಾದಿ ಕಳೆದಿತ್ತು. ಶಾಲೆಗೆ ಮಕ್ಕಳಿಲ್ಲ. ಕಪ್ಪು ಹಲಗೆಯ ಮೇಲೆ ನಾನು ಕೊನೆಯ ಸಲ ಬರೆದ ಲೆಕ್ಕ ಹಾಗೇ ಉಳಿದು ಧೂಳು ಹಿಡಿದಿತ್ತು. ಬಿಸಿಲು ಹೇಗಿತ್ತೆಂದರೆ ತೆಂಗಿನ ತೋಟದೊಳಗೆ ನಿಂತರೂ ಸೋಗೆಗಳ ಸಂದಿಯಿಂದ ಇಳಿದು ನೆತ್ತಿ ಸುಡುತ್ತಿತ್ತು. ಊರಿನಲ್ಲಿ ನಿಲ್ಲದೆ ನಡೆಯುತ್ತಿದ್ದದ್ದು ಕೊಬ್ಬರಿ ಕೆಲಸವೊಂದೇ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ಬಿಡಿಸುವ ಸದ್ದು ಬೆಳಗಿನಿಂದ ಸಂಜೆಯವರೆಗೂ ಶಾಲೆಯ ಅಂಗಳಕ್ಕೆ ಕೇಳುತ್ತಿತ್ತು. ಆ ಸದ್ದಿನ ನಡುವೆ ಆಗಾಗ ಹೆದ್ದಾರಿಯ ಕಡೆಯಿಂದ ಆಂಬುಲೆನ್ಸಿನ ಕೂಗು.

ಅಂಥ ಹೊತ್ತಿನಲ್ಲಿ ನಮ್ಮ ಶಾಲೆಯನ್ನು ಲಸಿಕಾ ಕೇಂದ್ರ ಮಾಡಿದರು, ನನ್ನನ್ನು ಕರ್ತವ್ಯಕ್ಕೆ ಹಾಕಿದರು. ಮೂರು ಕೊಠಡಿಗಳು. ಮೊದಲನೆಯದರಲ್ಲಿ ಆಧಾರ್ ನೋಡಿ ಹೆಸರು ಬರೆಸುವುದು, ಎರಡನೆಯದರಲ್ಲಿ ಚುಚ್ಚುವುದು, ಮೂರನೆಯದರಲ್ಲಿ ಅರ್ಧ ಗಂಟೆ ಕೂರಿಸಿ ನಿಗಾ ಇಡುವುದು. ಮೂರನೆಯದು ನನ್ನ ಪಾಲಿಗೆ ಬಂತು. ಎರಡನೆಯ ಕೊಠಡಿಯಲ್ಲಿದ್ದವರು ಸುವರ್ಣಾ ಸಿಸ್ಟರ್. ನಮ್ಮ ಸುತ್ತಿನ ಹಳ್ಳಿಗಳ ಬಸುರಿ ಬಾಣಂತಿಯರನ್ನೆಲ್ಲ ಹೆಸರು ಹಿಡಿದು ಬಲ್ಲ ಹೆಂಗಸು. ಸ್ಕೂಟಿಯ ಮುಂದೆ ಲಸಿಕೆಯ ಡಬ್ಬ ಇಟ್ಟುಕೊಂಡು, ತಲೆಗೆ ವೇಲು ಸುತ್ತಿಕೊಂಡು ಬರುವರು.

ಮೊದಲ ದಿನ ಅವರು ನನ್ನ ಕೈಗೆ ಪಿನ್ನು ಹೊಡೆದ ಒಂದಿಷ್ಟು ಹಾಳೆ ಕೊಟ್ಟರು. ಸರ್ಕಾರದ ಮಾರ್ಗಸೂಚಿ. ದೆಹಲಿಯಲ್ಲಿ ಹೊರಟು ಬೆಂಗಳೂರು, ತುಮಕೂರು, ತಿಪಟೂರು ದಾಟಿ, ಜೆರಾಕ್ಸಿನ ಮೇಲೆ ಜೆರಾಕ್ಸ್ ಆಗಿ, ನಮ್ಮೂರು ಮುಟ್ಟುವಷ್ಟರಲ್ಲಿ ಅಕ್ಷರಗಳೇ ಬೂದಿಯ ಬಣ್ಣಕ್ಕೆ ತಿರುಗಿದ್ದವು. "ಮೇಷ್ಟ್ರೇ, ಉಳಿದಿದ್ದು ಓದದೇ ಇದ್ರೂ ಪರವಾಗಿಲ್ಲ. ಈ ಒಂದು ಸಾಲು ಓದ್ಕಳಿ" ಎಂದು ಪೆನ್ನಿನಲ್ಲಿ ಗೆರೆ ಎಳೆದರು. ಲಸಿಕೆ ಪಡೆದ ಪ್ರತಿಯೊಬ್ಬರನ್ನೂ ಮೂವತ್ತು ನಿಮಿಷ ನಿಗಾದಲ್ಲಿ ಇರಿಸತಕ್ಕದ್ದು.

ಆ ಸಾಲನ್ನು ಓದುವುದು ಸುಲಭ, ಜನರನ್ನು ಕೂರಿಸುವುದು ಕಷ್ಟ. ನಮ್ಮ ಕಡೆಯವರಿಗೆ ಕೆಲಸವಿಲ್ಲದೆ ಅರ್ಧ ಗಂಟೆ ಕೂತು ಅಭ್ಯಾಸವಿಲ್ಲ. "ಎಮ್ಮೆ ಕಟ್ಟಾಕಿ ಬಂದಿವ್ನಿ ಮೇಷ್ಟ್ರೇ", "ಕರೆಂಟ್ ಬರೋ ಹೊತ್ತಾಯ್ತು, ಮೋಟ್ರು ಹಾಕ್ಬೇಕು", "ಒಲೆ ಮೇಲೆ ಎಸರಿಟ್ಟು ಬಂದಿವ್ನಿ". ನಾನು ಹಳೆಯ ವಿದ್ಯಾರ್ಥಿಗಳ ಸುದ್ದಿ ಕೇಳಿ ಮಾತಿಗೆಳೆದು ಕೂರಿಸುತ್ತಿದ್ದೆ. ಮಗ್ಗಿ ಹೇಳಿಸಿದ್ದೂ ಉಂಟು. ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಂಡೇ ಹದಿನೇಳರ ಮಗ್ಗಿ ಒಪ್ಪಿಸಿದ ಒಬ್ಬ ಅಜ್ಜ, "ನಮ್ ಮೇಷ್ಟ್ರು ಒದ್ದು ಕಲಿಸಿದ್ದು ಕಣಪ್ಪ, ಸೂಜಿಗೆಲ್ಲ ಮರ್ತೋಗಲ್ಲ" ಎಂದು ನಕ್ಕಿದ್ದ.

ಪ್ರತಿಯೊಬ್ಬರೂ ಒಳಗೆ ಬಂದ ಸಮಯ, ಹೊರಗೆ ಹೋದ ಸಮಯ ಪುಸ್ತಕದಲ್ಲಿ ಬರೆಯಬೇಕಿತ್ತು. ಅಲ್ಲಿ ನಾನೊಂದು ಬುದ್ಧಿವಂತಿಕೆ ಮಾಡಿದ್ದೆ. ಬಂದ ಸಮಯ ಬರೆಯುವಾಗಲೇ ಅದಕ್ಕೆ ಮೂವತ್ತು ಕೂಡಿಸಿ ಹೋದ ಸಮಯವನ್ನೂ ಬರೆದುಬಿಡುತ್ತಿದ್ದೆ. ಹೇಗಿದ್ದರೂ ಅರ್ಧ ಗಂಟೆ ಕೂರುವವರೇ ತಾನೆ, ಎರಡು ಸಲ ಪೆನ್ನು ಹಿಡಿಯುವುದೇಕೆ ಎಂದು.

ಎರಡನೆಯ ವಾರದ ಒಂದು ಬೆಳಗ್ಗೆ ಪುಟ್ಟಲಿಂಗಮ್ಮ ಬಂದರು. ಊರಿನ ಕೊಬ್ಬರಿ ವ್ಯಾಪಾರಿ ಶಿವಣ್ಣನವರ ಶೆಡ್ಡಿನಲ್ಲಿ ಚಿಪ್ಪು ಒಡೆಯುವ ಕೆಲಸ. ಐವತ್ತು ದಾಟಿದ ಹೆಂಗಸು. ಅಂಗೈ ಮುಟ್ಟಿದರೆ ಮರದ ತೊಗಟೆಯ ಹಾಗೆ. ಅವರ ಮಗಳು ನನ್ನ ಹತ್ತಿರವೇ ಓದಿದ್ದವಳು, ತುರುವೇಕೆರೆಗೆ ಮದುವೆಯಾಗಿತ್ತು. ಎರಡು ದಿನದ ಹಿಂದೆ ಗಂಡು ಮಗು ಹುಟ್ಟಿತ್ತು. ಬಾಣಂತಿಯನ್ನು ನೋಡಲು ಹೊರಟ ತಾಯಿ, ದಾರಿಯಲ್ಲಿ ಲಸಿಕೆ ಹಾಕಿಸಿಕೊಂಡೇ ಹೋಗೋಣವೆಂದು ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ, ಅದರ ತುಂಬ ಬಾಣಂತಿಯ ಖಾರದ ಸಾಮಾನು. ಮೆಣಸು ಶುಂಠಿಯ ಘಾಟು ಮಾಸ್ಕನ್ನೂ ದಾಟಿ ಬರುತ್ತಿತ್ತು.

ಹನ್ನೊಂದು ಮೂವತ್ತೈದಕ್ಕೆ ಮೂರನೆಯ ಕೊಠಡಿಗೆ ಬಂದರು. ನಾನು ಬರೆದೆ, ಪಕ್ಕದಲ್ಲೇ ಹನ್ನೆರಡು ಐದು ಎಂದೂ ಬರೆದೆ. ಅವರು ಕುರ್ಚಿಯ ತುದಿಯಲ್ಲಿ ಕೂತು ಕಿಟಕಿಯ ಕಡೆಗೇ ನೋಡುತ್ತಿದ್ದರು.

"ಮೇಷ್ಟ್ರೇ, ಹನ್ನೆರಡಕ್ಕೆ ಮುಂಚೆ ಬಸ್ಸು ಬತ್ತದೆ. ಅದು ಬುಟ್ರೆ ಇವತ್ತಿಗೆ ಇನ್ನೊಂದಿಲ್ಲ."

"ಅರ್ಧ ಗಂಟೆ ಕೂರ್ಬೇಕಲ್ಲಮ್ಮ."

"ಹಸಿ ಬಾಣಂತಿ ಮೇಷ್ಟ್ರೇ. ಅವರತ್ತೆಗೂ ಮಂಡಿನೋವು. ನೀರು ಹಾಕೋರು ದಿಕ್ಕಿಲ್ಲ. ಮೊಮ್ಮಗನ್ನ ನೋಡ್ಬೇಕು ಅಂತ ಜೀವ ಬಡ್ಕಂತೈತೆ."

ಆಗ ನಾನು ಏನು ಯೋಚಿಸಿದೆ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಎರಡು ವಾರದಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ತೋಳುನೋವು ಬಿಟ್ಟರೆ ಯಾರೂ ಕೆಮ್ಮಿಯೂ ಇರಲಿಲ್ಲ. ನನ್ನ ವಿದ್ಯಾರ್ಥಿನಿಯ ಮುಖ ನೆನಪಾಯಿತು. "ಹೋಗಿ ಬನ್ನಿ. ಏನಾದ್ರೂ ಅನ್ನಿಸಿದ್ರೆ ವಾಪಸ್ ಬಂದ್ಬಿಡಿ" ಎಂದೆ. ಹತ್ತು ನಿಮಿಷವಷ್ಟೇ ಆಗಿತ್ತು. ಅವರು ಕೈಮುಗಿದು, ಚೀಲ ಎತ್ತಿಕೊಂಡು, ಓಡುವ ಹಾಗೆ ನಡೆದರು.

ಬಸ್ಸು ನಿಲ್ಲುವುದು ಹಾಲಿನ ಡೈರಿಯ ಮುಂದೆ, ಶಾಲೆಯ ಗೇಟಿನಿಂದ ಇನ್ನೂರು ಹೆಜ್ಜೆ. ಬಸ್ಸು ಬಂದ ಸದ್ದಾಯಿತು. ಆದರೆ ಹೊರಟ ಸದ್ದಾಗಲಿಲ್ಲ. ಹಾರನ್ನು ಬಿಡದೆ ಹೊಡೆದುಕೊಂಡಿತು. ಯಾರೋ ಕೂಗಿದರು, "ನರ್ಸಮ್ಮಾ! ಲಿಂಗಮ್ಮ ಬಿದ್ದೋದ್ಳು, ಬನ್ನೀ!"

ನಾನು ಕಿಟಕಿಗೆ ಹೋಗುವಷ್ಟರಲ್ಲಿ ಸುವರ್ಣಾ ಸಿಸ್ಟರ್ ಅಂಗಳದಲ್ಲಿದ್ದರು. ಮೇಜಿನ ಮೇಲೆ ಯಾವಾಗಲೂ ಇಟ್ಟಿರುತ್ತಿದ್ದ ತುರ್ತು ಮದ್ದಿನ ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆ ಅವರ ಕೈಯಲ್ಲಿತ್ತು. ಚಪ್ಪಲಿ ಎಲ್ಲೋ ಉದುರಿತ್ತು. ಟಾರು ರಸ್ತೆ ಕಾದ ಹೆಂಚಿನಂತಿದ್ದ ಆ ಹೊತ್ತಿನಲ್ಲಿ ಬರಿಗಾಲಲ್ಲಿ ಓಡಿದರು. ನಾನೂ ಹಿಂದೆ ಓಡಿದೆ.

ಪುಟ್ಟಲಿಂಗಮ್ಮ ಡೈರಿಯ ಜಗಲಿಯ ಪಕ್ಕ ಬಿದ್ದಿದ್ದರು. ಕುತ್ತಿಗೆ, ಕೆನ್ನೆ ತುಂಬ ಗಂಧೆಯ ದದ್ದು ಎದ್ದು ಕೆಂಪಾಗಿತ್ತು. ತುಟಿ ಊದಿತ್ತು. ಉಸಿರು ಎಳೆಯುವಾಗ ಸಿಳ್ಳೆಯಂಥ ಶಬ್ದ. ಯಾರೋ ಹಿಡಿದೆತ್ತಿ ಕೂರಿಸಲು ಹೋದರು, ಇನ್ನೊಬ್ಬರು ಬಾಯಿಗೆ ನೀರು ಹಿಡಿದರು. "ಎತ್ಬೇಡಿ! ನೀರು ಬೇಡ! ಮಲಗ್ಸಿ, ಕಾಲು ಎತ್ತಿ ಹಿಡ್ಕಳಿ!" ಎಂದು ಸಿಸ್ಟರ್ ಕೂಗಿದ ದನಿಗೆ ಎಲ್ಲರೂ ಹಿಂದೆ ಸರಿದರು. ಕಾಲು ಹಿಡಿದವನು ನಾನು. ಅವರು ಪೆಟ್ಟಿಗೆಯಿಂದ ಸಣ್ಣ ಗಾಜಿನ ಕೊಳವೆ ತೆಗೆದು, ಮುರಿದು, ಸಿರಿಂಜಿಗೆ ಎಳೆದು, ತೊಡೆಗೆ ಚುಚ್ಚಿದರು. ಆಮೇಲೆ ನಾಡಿ ಹಿಡಿದು ಕೂತು, "ಲಿಂಗಮ್ಮ, ನನ್ನ ನೋಡಿ. ಇಲ್ಲೇ ಇದೀನಿ. ಉಸಿರು ತಗಳಿ" ಎಂದು ಹೇಳುತ್ತಲೇ ಇದ್ದರು.

ಎಷ್ಟು ಹೊತ್ತೋ ತಿಳಿಯದು. ಸಿಳ್ಳೆಯ ಶಬ್ದ ಮೆಲ್ಲಗೆ ಇಳಿಯಿತು. ಪುಟ್ಟಲಿಂಗಮ್ಮ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಬಸ್ಸು ಹೋಯ್ತಾ?"

ಬಸ್ಸು ಹೋಗಿರಲಿಲ್ಲ. ಡ್ರೈವರು, ಕಂಡಕ್ಟರು, ಒಳಗಿದ್ದ ಜನ ಎಲ್ಲರೂ ಇಳಿದು ನಿಂತಿದ್ದರು. ಆಂಬುಲೆನ್ಸ್ ಬಂದು ಅವರನ್ನು ತಿಪಟೂರಿಗೆ ಒಯ್ದ ಮೇಲೆಯೇ ಬಸ್ಸು ಹೊರಟಿತು. ಖಾರದ ಚೀಲವನ್ನು ಆ ಕಂಡಕ್ಟರು ತನ್ನ ಸೀಟಿನ ಪಕ್ಕ ಇಟ್ಟುಕೊಂಡು ಹೋಗಿ ತುರುವೇಕೆರೆಯಲ್ಲಿ ಮಗಳ ಮನೆಗೆ ಮುಟ್ಟಿಸಿದನಂತೆ. ಅವನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ.

ಸಂಜೆ ನಾಲ್ಕಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಶಾಲೆಗೆ ಬಂದರು. ಮೂವತ್ತು ದಾಟದ ಹುಡುಗ. ವಾರಗಟ್ಟಲೆ ನಿದ್ದೆಯಿಲ್ಲದೆ ಕಣ್ಣ ಸುತ್ತ ಕಪ್ಪು ಕಟ್ಟಿತ್ತು. ಲಸಿಕೆಯಿಂದ ಯಾರಿಗಾದರೂ ಹೀಗೆ ತೊಂದರೆಯಾದರೆ ತುಂಬಿ ಕಳಿಸಬೇಕಾದ ಒಂದು ಫಾರಂ ಇತ್ತು. ಅದನ್ನು ಮೇಜಿನ ಮೇಲಿಟ್ಟು, ನನ್ನ ಪುಸ್ತಕ ತೆಗೆದು ಓದಿದರು.

"ಹನ್ನೊಂದು ಮೂವತ್ತೈದರಿಂದ ಹನ್ನೆರಡು ಐದು. ಅಂದ್ರೆ ಅರ್ಧ ಗಂಟೆ ಪೂರ್ತಿ ಕೂತು, ಆಚೆಗೆ ಹೋದ ಮೇಲೆ ಆಗಿದ್ದು. ಹೌದಲ್ವಾ ಮೇಷ್ಟ್ರೇ?"

"ಹೌದು ಸರ್" ಎಂದೆ.

ಅಷ್ಟು ಸಲೀಸಾಗಿ ಬಂತು ಆ ಮಾತು. ಸುವರ್ಣಾ ಸಿಸ್ಟರ್ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು. ಬೊಬ್ಬೆ ಎದ್ದ ಪಾದಗಳಿಗೆ ಅವರು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು.

ಮರುದಿನ ಬೆಳಗ್ಗೆಯೇ ತಿಪಟೂರಿನ ಆಸ್ಪತ್ರೆಗೆ ಹೋದೆ. ಪುಟ್ಟಲಿಂಗಮ್ಮ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಮುಖದ ಊತ ಇಳಿದಿತ್ತು. ವಿಚಾರಿಸಲು ಬಂದಿದ್ದ ತಾಲ್ಲೂಕಿನ ಆರೋಗ್ಯಾಧಿಕಾರಿ ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ನಿಮಗೆ ಅರ್ಧ ಗಂಟೆ ಕೂರೋಕೆ ಹೇಳಿದ್ರಾ ಅಮ್ಮ?"

"ಹೇಳಿದ್ರು ಸಾ. ಮೇಷ್ಟ್ರು ಬಾಯ್ ಬಡ್ಕಂಡ್ರು. ನಾನೇ ಅವ್ರು ಅತ್ಲಾಗೆ ತಿರುಗಿದಾಗ ಕದ್ದು ಎದ್ದೋದೆ. ಅವ್ರದೇನೂ ತಪ್ಪಿಲ್ಲ ಬುಡಿ."

ಜೀವ ಹೋಗಿ ಬಂದ ಹೆಂಗಸು. ನನ್ನ ಕೆಲಸ ಉಳಿಯಲೆಂದು ತಾನೇ ಕಳ್ಳಿಯಾಗಿದ್ದರು. ಅವರು ನನ್ನನ್ನು ನೋಡಿರಲಿಲ್ಲ. ನಾನು ಒಳಗೆ ಹೋಗಲಾರದೆ ಹಾಗೇ ಮೆಟ್ಟಿಲಿಳಿದು ಬೈಕು ಹತ್ತಿ ನೇರ ಡಾಕ್ಟರ ಹತ್ತಿರ ಹೋದೆ. ಆರೋಗ್ಯ ಕೇಂದ್ರದ ಹಿಂದಿನ ಬಾದಾಮಿ ಮರದ ನೆರಳಲ್ಲಿ ನಿಂತು ಅವರು ಪಿಪಿಇ ಉಡುಪು ಕಳಚುತ್ತಿದ್ದರು. ಒಳಗಿನ ಅಂಗಿ ಹಿಂಡಿದರೆ ನೀರು ಬರುವಷ್ಟು ಒದ್ದೆ.

"ಸರ್, ನಿನ್ನೆ ನಾನು ಸುಳ್ಳು ಹೇಳಿದೆ" ಎಂದೆ. ಬಂದ ಸಮಯದ ಜೊತೆಗೆ ಹೋದ ಸಮಯವನ್ನೂ ಬರೆದಿಡುವ ನನ್ನ ರೂಢಿ, ಹತ್ತೇ ನಿಮಿಷಕ್ಕೆ ಕಳಿಸಿದ್ದು, ಎಲ್ಲ ಹೇಳಿದೆ. "ಆ ತಾಯಿ ಕದ್ದು ಹೋಗಲಿಲ್ಲ. ನಾನೇ ಕಳಿಸಿದೆ."

ಡಾಕ್ಟರು ಕಳಚುತ್ತಿದ್ದ ಉಡುಪನ್ನು ಹಾಗೇ ಬಿಟ್ಟು ನನ್ನ ಕಡೆ ತಿರುಗಿದರು. ಕೋಪ ಬಂದದ್ದು ಮುಖದಲ್ಲಿ ಕಾಣುತ್ತಿತ್ತು. "ಆಕೆ ಬಸ್ಸು ಹತ್ತಿ ಕೂತಿದ್ರೆ? ನಡುದಾರೀಲಿ ಆಗಿದ್ರೆ?" ಎಂದರು. ಆಮೇಲೆ ಅವರೇ ಬಾವಿಕಟ್ಟೆಯ ಮೇಲೆ ಕೂತು, ನನಗೂ ಕೂರಲು ಹೇಳಿದರು.

"ನೋಡಿ ಮೇಷ್ಟ್ರೇ, ಈ ಫಾರಂ ಯಾರನ್ನೋ ಹಿಡಿದು ಶಿಕ್ಷೆ ಕೊಡೋಕೆ ಮಾಡಿದ್ದಲ್ಲ. ಲಸಿಕೆಗೆ ಒಪ್ಪಿಗೆ ಕೊಟ್ಟ ಔಷಧ ನಿಯಂತ್ರಕರು ಅಲ್ಲಿಗೆ ಕೈ ತೊಳ್ಕೊಳಲ್ಲ. ಎಲ್ಲಿ, ಯಾರಿಗೆ, ಎಷ್ಟು ನಿಮಿಷಕ್ಕೆ ಏನಾಯ್ತು ಅಂತ ದೇಶದ ಮೂಲೆ ಮೂಲೆಯಿಂದ ಬರೋ ವರದಿ ನೋಡ್ತಾನೇ ಇರ್ತಾರೆ. ಅರ್ಧ ಗಂಟೆ ಸಾಕೋ ಸಾಲದೋ ಅಂತ ಅವರಿಗೆ ಗೊತ್ತಾಗೋದು ನಿಮ್ಮ ಪುಸ್ತಕದಿಂದ. ನೀವು ಸುಳ್ಳು ಸಮಯ ಬರೆದ್ರೆ ಅವರ ಕಣ್ಣಿಗೇ ಮಣ್ಣು."

ಮೂವತ್ತು ಕೂಡಿಸಿ ಬರೆದದ್ದು ಎಂಥ ಲೆಕ್ಕವೆಂದು ಆಗ ತಿಳಿಯಿತು. ಇಪ್ಪತ್ತು ವರ್ಷ ಮಕ್ಕಳಿಗೆ, ಉತ್ತರ ಮೊದಲು ಬರೆದು ಆಮೇಲೆ ಲೆಕ್ಕ ಮಾಡಬೇಡಿ ಎಂದು ಹೇಳಿಕೊಟ್ಟವನು ನಾನು.

ಅವರು ಹೊಸ ಫಾರಂ ತೆಗೆದು ನನ್ನ ಮುಂದೆಯೇ ತುಂಬಿದರು. ಚುಚ್ಚಿದ ಸಮಯ, ಎದ್ದು ಹೋದ ಸಮಯ, ಬಿದ್ದ ಸಮಯ, ತೊಡೆಗೆ ಕೊಟ್ಟ ಔಷಧ. ನನ್ನ ತಪ್ಪನ್ನೂ ಮುಚ್ಚದೆ ಬರೆದರು, ತಾನಾಗಿಯೇ ಬಂದು ತಿಳಿಸಿದ್ದಾರೆ ಎಂಬ ಒಂದು ಸಾಲನ್ನೂ ಸೇರಿಸಿದರು. ಮುಂದೆ ನನ್ನ ಇಲಾಖೆಯಿಂದ ಕಾರಣ ಕೇಳಿ ನೋಟಿಸು ಬಂತು, ಉತ್ತರ ಕೊಟ್ಟೆ, ಎಚ್ಚರಿಕೆಯ ಪತ್ರದಲ್ಲಿ ಮುಗಿಯಿತು. ಆ ಒಂದು ಸಾಲು ಇಲ್ಲದಿದ್ದರೆ ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಆ ಹುಡುಗ ಡಾಕ್ಟರನ್ನು ನೆನೆದಾಗಲೆಲ್ಲ ನನ್ನ ಕೈಗಳು ತಾವಾಗಿಯೇ ಜೋಡಿಯಾಗುತ್ತವೆ.

ಆದರೆ ಊರು ಹೆದರಿತ್ತು. ಮುಂದಿನ ವಾರ ಲಸಿಕೆಗೆ ಒಬ್ಬರೂ ಬರಲಿಲ್ಲ. ಪುಟ್ಟಲಿಂಗಮ್ಮ ಸತ್ತೇ ಹೋದಳೆಂದು ಮೇಲಿನ ಬೀದಿಯಲ್ಲಿ, ಸರ್ಕಾರದವರು ಹೆಣ ಬಚ್ಚಿಟ್ಟಿದ್ದಾರೆಂದು ಕೆಳಗಿನ ಬೀದಿಯಲ್ಲಿ ಸುದ್ದಿ. ಸುವರ್ಣಾ ಸಿಸ್ಟರ್ ಸ್ಕೂಟಿ ಕಂಡರೆ ಜನ ಬಾಗಿಲು ಹಾಕಿಕೊಳ್ಳುವರು. ಅದೇ ವಾರ ನಮ್ಮೂರಿನ ಅಂಚೆಯವರು ಕೊರೋನಾದಿಂದ ತೀರಿಕೊಂಡರು. ಪಿಂಚಣಿ ಹಂಚಲು ಮನೆಮನೆ ತಿರುಗಿದವರು. ಅವರನ್ನು ಮಣ್ಣು ಮಾಡುವಾಗ ಹೆಗಲು ಕೊಡಲೂ ಜನ ಸೇರುವ ಹಾಗಿರಲಿಲ್ಲ. ನಾವು ದೂರದಲ್ಲಿ, ತೆಂಗಿನ ಬುಡಕ್ಕೊಬ್ಬರಂತೆ ನಿಂತು ನೋಡಿದೆವು.

"ನಡೀರಿ ಮೇಷ್ಟ್ರೇ, ಅವರು ಬರದಿದ್ರೆ ನಾವೇ ಹೋಗಣ" ಎಂದರು ಸಿಸ್ಟರ್. ಹೋದದ್ದು ಶಿವಣ್ಣನವರ ಶೆಡ್ಡಿಗೆ. ಊರಿನಲ್ಲಿ ಶಿವಣ್ಣ ಹ್ಞೂಂ ಅಂದರೆ ಅರ್ಧ ಊರು ಹ್ಞೂಂ ಅನ್ನುತ್ತದೆ. ಕೊಬ್ಬರಿಯ ರಾಶಿಯ ಸುತ್ತ ಹತ್ತು ಹನ್ನೆರಡು ಆಳುಗಳು ಕೂತಿದ್ದರು. ನಮ್ಮನ್ನು ಕಂಡು ಮಚ್ಚಿನ ಸದ್ದೆಲ್ಲ ನಿಂತಿತು. ಸಿಸ್ಟರ್ ಮಾತು ತೆಗೆಯುವ ಮೊದಲೇ ಶಿವಣ್ಣ ನನ್ನ ಕಡೆ ತಿರುಗಿದರು.

"ಮೇಷ್ಟ್ರೇ, ನೀವು ನಮ್ ಮಕ್ಳಿಗೆ ಪಾಠ ಹೇಳಿದೋರು. ಒಂದ್ ಮಾತು ಕೇಳ್ತೀನಿ, ನಿಜ ಹೇಳಿ. ಲಿಂಗಮ್ಮ ಬಿದ್ದಿದ್ದು ಬಿಸ್ಲಿಗೆ ಅಂತಾರೆ, ಹಸ್ಕಂಡಿದ್ಲು ಅಂತಾರೆ. ಸೂಜಿಯಿಂದ ತಾನೇ ಬಿದ್ದಿದ್ದು?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಿಸಿಲು ಎನ್ನುವುದು ಸುಲಭವಿತ್ತು, ಎಷ್ಟೋ ಜನ ಅದನ್ನೇ ನಂಬಲು ತಯಾರಿದ್ದರು.

"ಹೌದು. ಸೂಜಿಯಿಂದ್ಲೇ" ಎಂದೆ. "ಸಾವಿರಾರು ಜನಕ್ಕೆ ಹಾಕಿದ್ರೆ ಎಲ್ಲೋ ಒಬ್ಬರ ಮೈಗೆ ಒಗ್ಗಲ್ಲ. ಅದು ಯಾರು ಅಂತ ಮೊದಲೇ ಗೊತ್ತಾಗಲ್ಲ. ಅದಕ್ಕೇ ಅರ್ಧ ಗಂಟೆ ಕೂರಿಸೋದು, ಅದಕ್ಕೇ ಸಿಸ್ಟರ್ ಹತ್ರ ಮದ್ದು ಇರೋದು. ಅವತ್ತು ಅರ್ಧ ಗಂಟೆ ಆಗೋಕೆ ಮುಂಚೆ ಆಕೇನ ಕಳಿಸ್ದೋನು ನಾನು. ತಪ್ಪು ನನ್ನದು."

ಆಗ ಬಾಗಿಲ ಕಡೆಯಿಂದ ದನಿ ಬಂತು.

"ಅಯ್ಯೋ, ನಾನು ಅಷ್ಟು ಕಷ್ಟಪಟ್ಟು ಸುಳ್ಳೇಳಿ ಬಂದ್ರೆ ಈ ಮೇಷ್ಟ್ರು ಎಲ್ಲಾನೂ ಒದರ್ಬುಟ್ರಲ್ಲಪ್ಪ!"

ಪುಟ್ಟಲಿಂಗಮ್ಮ. ಆಸ್ಪತ್ರೆಯಿಂದ ಬಂದು ನಾಲ್ಕು ದಿನವಾಗಿದ್ದರೂ ಮನೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ಇನ್ನೂ ಸುಸ್ತಿದ್ದ ಅವರು ಬಾಗಿಲಿನ ಹತ್ತಿರವಿದ್ದ ಮೂಟೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಸತ್ತೋಳು ಎದ್ದು ಬಂದವ್ಳೆ, ನೋಡ್ಕಳ್ರಪ್ಪ" ಎಂದರು. ಒಬ್ಬಿಬ್ಬರು ನಕ್ಕರು.

"ಲಿಂಗಮ್ಮ, ನೀನು ಹೇಳು. ಸೂಜಿ ಬ್ಯಾಡ ಅಲ್ವಾ ನಮಗೆ?" ಎಂದರು ಶಿವಣ್ಣ.

ಅವರು ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಚೀಟಿ ತೆಗೆದು ಶಿವಣ್ಣನವರ ಕೈಗೆ ಕೊಟ್ಟರು. "ಡಾಕ್ಟ್ರು ಬರ್ಕೊಟ್ಟವ್ರೆ. ನಂಗೆ ಇನ್ನೊಂದು ಸೂಜಿ ಹಾಕಂಗಿಲ್ವಂತೆ. ಕಾನೂನೇ ಹಂಗೈತಂತೆ. ಮೈಗೆ ಒಗ್ಗದೋರಿಗೆ ಎಲ್ಡನೇದು ಇಲ್ಲ. ನೀವು ಬ್ಯಾಡ ಅಂತೀರಿ ಕಣ್ಲಾ ಶಿವಣ್ಣ. ನಂಗೆ ಬೇಕು ಅಂದ್ರೂ ಕೊಡಲ್ಲ."

ಶಿವಣ್ಣ ಅವರಿಗಿಂತ ನಾಲ್ಕು ವರ್ಷ ಚಿಕ್ಕವರು. ಧಣಿಯಾದರೂ ಚಿಕ್ಕಂದಿನಲ್ಲಿ ಪುಟ್ಟಲಿಂಗಮ್ಮನ ಜೊತೆಗೇ ಆಡಿ ಬೆಳೆದವರು, ಆ ಸಲಿಗೆ ಇತ್ತು.

"ಹಂಗಾದ್ರೆ ನಾನೇನ್ ಮಾಡ್ಲಿ ಡಾಕ್ಟ್ರೇ, ಮೊಮ್ಮಗನ್ನ ಮುಟ್ಟಂಗಿಲ್ವಾ ಅಂತ ಕೇಳ್ದೆ. ನಿಮ್ ಸುತ್ತ ಇರೋರು ಹಾಕಿಸ್ಕಂಡ್ರೆ ಆ ರೋಗ ನಿಮ್ಮತ್ರ ಬರೋದು ಕಷ್ಟ ಆಯ್ತದೆ ಅಂದ್ರು. ನನ್ ಸುತ್ತ ಇರೋರು ಯಾರು? ಮಗಳು ಅಳಿಯ ತುರುವೇಕೆರೇಲವ್ರೆ. ದಿನಾ ಬೆಳಗಾದ್ರೆ ನನ್ ಪಕ್ಕ ಕೂತು ಕಾಯಿ ಒಡೆಯೋರು ನೀವು. ನನ್ ಸೂಜಿ ನಿಮ್ ತೋಳಿಗೆ ಹಾಕಿಸ್ಕಳಿ ಅಂತ ಕೇಳಕ್ಕೆ ಬಂದಿವ್ನಿ."

ಸಿಸ್ಟರ್ ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟರು.

ಶಿವಣ್ಣ ಆ ಚೀಟಿಯನ್ನು ಎರಡು ಸಲ ಓದಿದರು. ಮಡಿಸಿ ಹಿಂದಕ್ಕೆ ಕೊಟ್ಟರು. "ಇಷ್ಟ್ ದಿನಕ್ಕೆ ಒಬ್ರಾದ್ರೂ 'ಹೌದು, ಸೂಜಿಯಿಂದ್ಲೇ' ಅಂದ್ರಲ್ಲ" ಎಂದು ನನ್ನನ್ನು ನೋಡಿ ಹೇಳಿ, ಆಳುಗಳ ಕಡೆ ತಿರುಗಿದರು. "ಊಟ ಮಾಡ್ಕಂಡು ಇಸ್ಕೂಲ್ ಹತ್ರ ಬರ್ರಿ. ಮೊದ್ಲು ನಾನು ಹಾಕಿಸ್ಕಂತೀನಿ. ನಾನು ಅರ್ಧ ಗಂಟೆ ಕೂತು ಎದ್ದು ಬಂದ್ಮೇಲೆ ನೀವು ಹೋಗ್ರಂತೆ."

ಅಂದು ಮಧ್ಯಾಹ್ನ ಶೆಡ್ಡಿನವರೆಲ್ಲ ಬಂದರು. ಮರುದಿನ ಅವರ ಮನೆಯವರು. ಮುಂದೆ ನಾನು ಪುಸ್ತಕದಲ್ಲಿ ಒಂದು ಸಮಯ ಬರೆದು, ಗೋಡೆಯ ಗಡಿಯಾರ ನೋಡಿಕೊಂಡು ಕೂತು, ಅವರು ಎದ್ದು ಹೊಸಿಲು ದಾಟಿದ ಮೇಲೆಯೇ ಇನ್ನೊಂದು ಬರೆಯುತ್ತಿದ್ದೆ. ಯಾರೂ ಬೇಗ ಬಿಡಿ ಎಂದು ಕೇಳುತ್ತಿರಲಿಲ್ಲ. ಎರಡನೇ ಡೋಸಿನ ಗಡುವನ್ನು ಸರ್ಕಾರ ಮುಂದಕ್ಕೆ ಹಾಕಿದಾಗ ಬೇರೆ ಊರುಗಳಲ್ಲಿ ಗಲಾಟೆಯಾಯಿತು. ಮೊದಲು ಹೇಳಿದ್ದು ಸುಳ್ಳೋ ಈಗ ಹೇಳಿದ್ದು ಸುಳ್ಳೋ ಎಂದರು. ನಮ್ಮಲ್ಲಿ ಜನ ಸಿಸ್ಟರನ್ನು ಕೇಳಿದರು. "ಹೊಸದಾಗಿ ಗೊತ್ತಾಗಿದ್ದಕ್ಕೆ ಬದಲಾಯಿಸವ್ರೆ. ಮತ್ತೆ ಗೊತ್ತಾದ್ರೆ ಮತ್ತೆ ಬದಲಾಯಿಸ್ತಾರೆ. ನಾನು ಬಂದು ಹೇಳ್ತೀನಿ" ಎಂದರು ಅವರು. ಸರಿ ಬುಡಿ ಎಂದು ಹೋದರು.

ತುರುವೇಕೆರೆಯಲ್ಲಿ ಅಳಿಯ, ಅವನ ತಾಯಿ ಇಬ್ಬರೂ ಸರದಿ ಬಂದಾಗ ಹಾಕಿಸಿಕೊಂಡರು. ಹಾಲು ಕುಡಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದೆಂಬ ಆದೇಶ ಬಂದದ್ದೇ ಸುವರ್ಣಾ ಸಿಸ್ಟರ್ ಆ ಹಾಳೆಯ ಫೋಟೋ ತೆಗೆದು ನನ್ನ ವಿದ್ಯಾರ್ಥಿನಿಗೆ ಕಳಿಸಿದರು. ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ ಪುಟ್ಟಲಿಂಗಮ್ಮ ಹೋಗಿ ನೋಡಿಕೊಂಡು ಬಂದರು. ಮೂಗು ಬಾಯಿ ಕಟ್ಟಿಕೊಂಡು, ಕೈಗೆ ಸೋಪು ಹಾಕಿ ತೊಳೆದು, ಜಗಲಿಯ ಗಾಳಿಗೆ ಕೂತು ಎತ್ತಿಕೊಂಡರಂತೆ. ಬಂದವರು ಮೂರು ದಿನ ಶೆಡ್ಡಿನಲ್ಲಿ ಬೇರೆ ಮಾತೇ ಆಡಲಿಲ್ಲ.

ಮಳೆ ಹಿಡಿದ ಮೇಲೆ ಎರಡನೇ ಡೋಸು ಶುರುವಾಯಿತು. ಬೆಳಗಿನಿಂದ ಜಿಟಿಜಿಟಿ. ತೋಟಗಳಲ್ಲಿ ಸೋಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಂಗಳ ಕೆಸರಾಗಿತ್ತು. ಜನ ಛತ್ರಿ ಹಿಡಿದು, ಗೊಬ್ಬರದ ಚೀಲದ ಕೊಪ್ಪೆ ಹೊದ್ದು ಸಾಲು ನಿಂತಿದ್ದರು. ಅವರ ನಡುವೆ ಪುಟ್ಟಲಿಂಗಮ್ಮನೂ ಬರುತ್ತಿರುವುದನ್ನು ಕಂಡು ನನಗೆ ಗಾಬರಿಯಾಯಿತು. ಓಡಿ ಹೋಗಿ, "ನಿಮಗಿಲ್ಲ ಕಣಮ್ಮ" ಎಂದೆ.

"ಗೊತ್ತು ಮೇಷ್ಟ್ರೇ. ನಂಗೇನು ಮರ್ತೋಯ್ತಾ? ಯಾರ್ ಯಾರು ಬಂದವ್ರೆ ನೋಡಾನ ಅಂತ ಬಂದೆ."

ಜಗಲಿಯ ಕಂಬಕ್ಕೆ ಒರಗಿ ಕಾಲು ನೀಡಿ ಕೂತರು. ಮೂರನೆಯ ಕೊಠಡಿಯಿಂದ ಮೊದಲು ಹೊರಬಂದವರು ಶಿವಣ್ಣ. ಚಪ್ಪಲಿ ಮೆಟ್ಟಿಕೊಂಡವರು ಎರಡು ಹೆಜ್ಜೆ ಹೋಗಿ, ಹಿಂದಿರುಗಿ ಬಂದು ಪುಟ್ಟಲಿಂಗಮ್ಮನ ಮುಂದೆ ನಿಂತರು. "ಲಿಂಗಮ್ಮ, ನಂದು ಎಲ್ಡೂ ಆಯ್ತು ಕಣೆ" ಎಂದರು. "ಒಳ್ಳೇದಾಗ್ಲಿ ಕಣಪ್ಪ" ಎಂದು ಅವರು ಕೈಮುಗಿದರು.

ಯಾರೂ ಹೇಳಿಕೊಟ್ಟದ್ದಲ್ಲ. ಶಿವಣ್ಣನವರ ಹಿಂದೆ ಬಂದವನೂ ನಿಂತ. ಆಮೇಲೆ ಬಂದ ಹೆಂಗಸೂ ನಿಂತಳು. "ಅಕ್ಕ, ಹಾಕಿಸ್ಕಂಡೆ." "ಅತ್ತೆ, ನಮ್ಮನೇಲಿ ಎಲ್ರುದೂ ಆಯ್ತು." "ಲಿಂಗಮ್ಮಜ್ಜಿ, ಅವ್ವಂದೂ ಆಯ್ತು ನಂದೂ ಆಯ್ತು." ಒಬ್ಬೊಬ್ಬರೂ ಹೇಳಿಯೇ ಮಳೆಗೆ ಇಳಿಯುತ್ತಿದ್ದರು. ಅವರು ಒಬ್ಬೊಬ್ಬರಿಗೂ ಕೈಮುಗಿಯುತ್ತಿದ್ದರು. ಒಂದು ಹೊತ್ತಿನಲ್ಲಿ ಕೈ ಇಳಿಸುವುದನ್ನೇ ಬಿಟ್ಟರು. ಜೋಡಿಸಿದ ಕೈ ಎದೆಯ ಮೇಲೆ ಹಾಗೇ ಇತ್ತು. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಎರಡನೆಯ ಕೊಠಡಿಯ ಬಾಗಿಲಿಗೆ ಬಂದು ಸಿಸ್ಟರ್ ಒಂದು ನಿಮಿಷ ನಿಂತು ನೋಡಿ, ಮಾಸ್ಕು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಸಂಜೆ ಕೊನೆಯವನಾಗಿ ನಾನು ತೋಳು ಕೊಟ್ಟೆ. ಖಾಲಿಯಾದ ಕೊಠಡಿಯಲ್ಲಿ ಒಬ್ಬನೇ ಕೂತು, ಗಡಿಯಾರ ನೋಡಿ, ನನ್ನ ಹೆಸರಿನ ಮುಂದೆ ನಾನೇ ಸಮಯ ಬರೆದೆ. ಹೊರಗೆ ಬಂದಾಗ ಮಳೆ ನಿಂತಿತ್ತು. ಪುಟ್ಟಲಿಂಗಮ್ಮ ಇನ್ನೂ ಅಲ್ಲೇ ಇದ್ದರು.

"ನಂದೂ ಆಯ್ತು ಕಣಮ್ಮ" ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಪೂರ್ತಿ ಕೂತ್ರಾ?"

"ಪೂರ್ತಿ ಕೂತೆ."

"ಹಂಗಾರೆ ಸರಿ" ಎಂದು ನಕ್ಕು, ಎದ್ದೇಳಲು ನನ್ನ ಕಡೆ ಕೈ ಚಾಚಿದರು. ನಾನು ಹಿಡಿದುಕೊಂಡೆ.